ಕಾಗದ ಹಿಡಿದು ಕಾಡಿಗೆ ಹೋದ ಸಿಸ್ಟರ್

ಬ್ರೆಜಿಲಿನಲ್ಲಿ ಭೂಮಿ ಕದಿಯುವ ದಂಧೆಗೆ ಒಂದು ಹೆಸರಿದೆ. ಗ್ರಿಲಾಜೆಂ. ಅಲ್ಲಿನ ಪೋರ್ಚುಗೀಸ್ ಮಾತಿನಲ್ಲಿ ಗ್ರಿಲೊ ಅಂದರೆ ಜೀರುಂಡೆ. ಜೀರುಂಡೆಗೂ ಜಮೀನಿಗೂ ಎಲ್ಲಿಂದೆಲ್ಲಿಯ ಸಂಬಂಧ ಅನ್ನಿಸುತ್ತದೆ ಅಲ್ವಾ? ಸುಳ್ಳು ಹಕ್ಕುಪತ್ರ ಬರೆಸಿ, ಅದನ್ನು ಜೀರುಂಡೆ ತುಂಬಿದ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಿದ್ದರಂತೆ. ಕೆಲವು ವಾರ ಬಿಟ್ಟು ತೆಗೆದರೆ ಕಾಗದ ಹಳದಿಯಾಗಿರುತ್ತದೆ. ಅಂಚೆಲ್ಲ ಕಚ್ಚಿ ಹೋಗಿರುತ್ತದೆ. ನೋಡಿದವರು ಇದು ತಾತನ ಕಾಲದ ಪತ್ರ ಅಂದುಕೊಳ್ಳಬೇಕು. ಹೀಗೆ ಹಳತಾದ ಹೊಸ ಕಾಗದ ತೋರಿಸಿ ಸಾವಿರಾರು ಹೆಕ್ಟೇರ್ ಕಾಡನ್ನು ತಮ್ಮದು ಮಾಡಿಕೊಂಡವರಿದ್ದಾರೆ.

ಈ ಪದ ನನಗೆ ಸಿಕ್ಕಿದ್ದು ಒಬ್ಬ ಕ್ಯಾಥೊಲಿಕ್ ಸನ್ಯಾಸಿನಿಯ ಬದುಕಿನ ಬಗ್ಗೆ ಓದುವಾಗ. ಸಿಸ್ಟರ್ ಡೊರೊತಿ ಸ್ಟ್ಯಾಂಗ್. 2005ರ ಫೆಬ್ರವರಿ 12ರ ಬೆಳಿಗ್ಗೆ, ಅಮೆಜಾನ್ ಕಾಡಿನೊಳಗಿನ ಒಂದು ಕೆಸರು ದಾರಿಯಲ್ಲಿ ಬಾಡಿಗೆ ಹಂತಕರು ಅವರ ಮೇಲೆ ಆರು ಗುಂಡು ಹಾರಿಸಿದರು. ಆಗ ಅವರಿಗೆ 73 ವರ್ಷ.

ಅವರ ಕಥೆ ಹೇಳುವವರು ಹೆಚ್ಚಾಗಿ ಆ ಕೊನೆಯ ಐದು ನಿಮಿಷವನ್ನೇ ಹೇಳುತ್ತಾರೆ. ಹೇಳಲೇಬೇಕಾದ ಕ್ಷಣ ಅದು, ನಾನೂ ಹೇಳುತ್ತೇನೆ. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಅದಕ್ಕೆ ಮುಂಚಿನ 38 ವರ್ಷ. ಆ ಅಷ್ಟೂ ವರ್ಷ ಆಕೆ ನಡೆದರು. ಪಾಠ ಹೇಳಿಕೊಟ್ಟರು. ಕಾಗದ ಹಿಡಿದು ಕಚೇರಿಗಳ ಮುಂದೆ ಕಾದರು. ಅದರಲ್ಲಿ ದೊಡ್ಡ ಭಾಷಣವಿಲ್ಲ, ಪವಾಡವೂ ಇಲ್ಲ. ಅರ್ಜಿ, ನಕ್ಷೆ, ರಸೀದಿ, ಮತ್ತೆ ಅರ್ಜಿ.

ಇದು ನನಗೆ ಯಾಕೆ ಇಷ್ಟು ತಾಗಿತು ಅಂತ ಹೇಳಬೇಕು. ನಮ್ಮ ಮನೆಯಲ್ಲೂ ಒಂದು ಪೆಟ್ಟಿಗೆ ಇತ್ತು. ಅಜ್ಜನ ಹಸಿರು ಬಣ್ಣದ ಟ್ರಂಕು. ಅದರಲ್ಲಿ ಬಟ್ಟೆಬರೆ ಏನೂ ಇರಲಿಲ್ಲ, ಬರೀ ಕಾಗದ. ಗುಡ್ಡದ ಬದಿಯಲ್ಲಿ ಅಜ್ಜ ಮಾಡಿಕೊಂಡು ಬಂದಿದ್ದ ಎರಡೂವರೆ ಎಕರೆಗೆ ಬಗರ್ ಹುಕುಂ ಅರ್ಜಿ ಹಾಕಿದ್ದರು. ಫಾರಂ 53ರ ಪ್ರತಿ, ದಂಡದ ರಸೀದಿ, ಕೈಯಲ್ಲಿ ಬರೆದ ಸ್ಕೆಚ್ಚು. ಯಾರೋ ಹೇಳಿದರು ಅಂತ ಪ್ರತಿ ಕಾಗದಕ್ಕೂ ಎರಡೆರಡು ಜೆರಾಕ್ಸ್. ಮಳೆಗಾಲದಲ್ಲಿ ಅಜ್ಜಿ ಆ ಟ್ರಂಕನ್ನು ಅಟ್ಟದಿಂದ ಇಳಿಸಿ ಒಲೆಯ ಹತ್ತಿರ ಇಡುತ್ತಿದ್ದರು, ಕಾಗದಕ್ಕೆ ಬೂಷ್ಟು ಬರಬಾರದು ಅಂತ. ಅಜ್ಜ ತಿಂಗಳಿಗೊಮ್ಮೆ ಬಿಳಿ ಪಂಚೆ ಉಟ್ಟು ಪೇಟೆಗೆ ಹೋಗುತ್ತಿದ್ದರು. ಸಂಜೆ ಬಂದು ಜಗುಲಿಯಲ್ಲಿ ಕೂತು, "ಇವತ್ತು ಸಾಹೇಬರು ಇರಲಿಲ್ಲ" ಅನ್ನುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ಅವರು ತೀರಿಕೊಂಡಾಗಲೂ ಆ ಫೈಲು ಯಾವುದೋ ಮೇಜಿನ ಮೇಲಿತ್ತು.

ಅದಕ್ಕೇ ಡೊರೊತಿಯವರ ಬಗ್ಗೆ ಓದುವಾಗ, ಒಬ್ಬ ಓದು ಬಾರದ ರೈತನ ಪಕ್ಕ ಭೂಮಿ ಕಚೇರಿಯ ಬೆಂಚಿನಲ್ಲಿ ಒಬ್ಬ ಸಿಸ್ಟರ್ ಕೂತಿದ್ದರು ಅನ್ನುವ ಚಿತ್ರ ನನ್ನಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿತು. ಅಜ್ಜನ ಪಕ್ಕ ಯಾರೂ ಇರಲಿಲ್ಲ.

ಡೊರೊತಿ ಹುಟ್ಟಿದ್ದು 1931ರ ಜೂನ್ 7ರಂದು, ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ. ಮನೆ ತುಂಬ ಮಕ್ಕಳು, ಒಟ್ಟು ಒಂಬತ್ತು. ಅಪ್ಪನಿಗೆ ಹಿತ್ತಲ ಕೃಷಿಯ ಹುಚ್ಚು. ಗೊಬ್ಬರ ಮಾಡುವುದು, ಮಣ್ಣು ಹದ ಮಾಡುವುದು ಮಕ್ಕಳಿಗೂ ಅಭ್ಯಾಸವಾಗಿತ್ತು. 1948ರಲ್ಲಿ, ಇನ್ನೂ 17 ವರ್ಷದ ಹುಡುಗಿ, ಗೆಳತಿಯೊಬ್ಬಳ ಜೊತೆ ಹೋಗಿ ಮಠ ಸೇರಿದರು. ಆ ಮಠದ ಹೆಸರು ಸಿಸ್ಟರ್ಸ್ ಆಫ್ ನೋತ್ರ್ ದಾಮ್ ದ ನಾಮೂರ್. 1804ರಲ್ಲಿ ಫ್ರಾನ್ಸಿನಲ್ಲಿ ಜೂಲಿ ಬಿಲ್ಯಾರ್ ಅನ್ನುವ ಮಹಿಳೆ ಬಡ ಹೆಣ್ಣುಮಕ್ಕಳಿಗೆ ಓದು ಕಲಿಸಲು ಕಟ್ಟಿದ್ದು. ಜೂಲಿಗೆ ಕಾಲು ಸ್ವಾಧೀನವಿರಲಿಲ್ಲ. ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದುಕೊಂಡು ಸುತ್ತಲಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಅಂಥ ಮಠದಿಂದ ಕಾಡೆಲ್ಲ ನಡೆದಾಡಿದ ಡೊರೊತಿ ಬಂದರು.

ಮೊದಲು ಶಾಲಾ ಟೀಚರ್. ಅರಿಝೋನಾದ ಫೀನಿಕ್ಸ್ ನಗರದಲ್ಲಿ ವರ್ಷಗಟ್ಟಲೆ ಪಾಠ ಮಾಡಿದರು. ಅಲ್ಲಿ ಮೆಕ್ಸಿಕೋದಿಂದ ಬಂದ ಕೂಲಿಗಳ ಕುಟುಂಬಗಳಿದ್ದವು. ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ ಹೋಗುವ ಜನ. ಶಾಲೆ ಬಿಟ್ಟ ಮೇಲೆ ಡೊರೊತಿ ಅವರ ಬಿಡಾರಗಳಿಗೆ ಹೋಗುತ್ತಿದ್ದರು. ತರಕಾರಿ ಬೆಳೆಯುವವರ ಮಕ್ಕಳೇ ಹಸಿದಿರುತ್ತಾರೆ ಅನ್ನುವುದನ್ನು ಹತ್ತಿರದಿಂದ ಕಂಡರು.

1966ರಲ್ಲಿ, 35ನೇ ವಯಸ್ಸಿನಲ್ಲಿ ಬ್ರೆಜಿಲಿಗೆ ಹೊರಟರು. ಈಶಾನ್ಯದ ಮರಾನ್ಯಾವ್ ರಾಜ್ಯದ ಕೊರೊವಾಟಾ ಅನ್ನುವ ಊರು. ಆಗಷ್ಟೇ, 1965ರಲ್ಲಿ, ಜಗತ್ತಿನ ಕ್ಯಾಥೊಲಿಕ್ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದಿತ್ತು. ಗುಡಿಯ ಗೋಡೆ ದಾಟಿ ಜನರ ನಡುವೆ ಹೋಗಿ ಅನ್ನುವ ಮಾತು ಚರ್ಚಿನೊಳಗೇ ಜೋರಾಗಿ ಕೇಳುತ್ತಿತ್ತು. ಸಿಸ್ಟರುಗಳು ನಿಲುವಂಗಿ ಬಿಟ್ಟು ಸಾದಾ ಬಟ್ಟೆ ಹಾಕತೊಡಗಿದ್ದರು. ಬ್ರೆಜಿಲಿನಲ್ಲಿ ಮಾತ್ರ ಇನ್ನೊಂದು ಗಾಳಿ. 1964ರಿಂದ ಸೇನೆಯದೇ ಆಡಳಿತ. ಬಡವರನ್ನು ಒಟ್ಟುಗೂಡಿಸಿ ಮಾತಾಡಿದರೆ ಸಾಕು, ಕಮ್ಯುನಿಸ್ಟ್ ಅನ್ನುವ ಹಣೆಪಟ್ಟಿ ಬೀಳುತ್ತಿತ್ತು. ಪಾದ್ರಿ, ಸಿಸ್ಟರ್ ಅಂತ ಯಾರಿಗೂ ರಿಯಾಯಿತಿ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಒಬ್ಬ ಸಿಸ್ಟರ್ ಬಡವರ ಕೇರಿಗೆ ಹೋದರು ಅಂದ ತಕ್ಷಣ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ ಮತಾಂತರದ್ದು. ಬ್ರೆಜಿಲಿನಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಧಣಿಯೂ ಕ್ಯಾಥೊಲಿಕ್, ಕೂಲಿಯೂ ಕ್ಯಾಥೊಲಿಕ್. ಅಲ್ಲಿ ಎದ್ದ ಪ್ರಶ್ನೆ ಬೇರೆ: ಚರ್ಚು ಯಾರ ಪಕ್ಕ ನಿಲ್ಲುತ್ತದೆ? ಶತಮಾನಗಳ ಕಾಲ ಅದು ಧಣಿಯ ಮನೆಯ ಊಟದ ಮೇಜಿನಲ್ಲಿತ್ತು. ಅಲ್ಲಿಂದ ಎದ್ದು ಬಂದು ಗುಡಿಸಲಿನ ಮುಂದೆ ಕೂತವರಲ್ಲಿ ಡೊರೊತಿಯಂಥವರಿದ್ದರು. ಧಣಿಗಳಿಗೆ ಸಹಿಸಲಾಗದೇ ಹೋಗಿದ್ದು ಇದೇ. ನಮ್ಮವರು ಅಂದುಕೊಂಡಿದ್ದವರೇ ಎದ್ದು ಹೋದರಲ್ಲ ಅಂತ.

ಮರಾನ್ಯಾವಿನ ರೈತರ ಬಳಿ ಸ್ವಂತ ನೆಲ ಇರಲಿಲ್ಲ. ಧಣಿಗಳ ನೆಲದಲ್ಲಿ ಬೆಳೆದು ಪಾಲು ಕೊಡುತ್ತಿದ್ದರು. ನಮ್ಮ ಗೇಣಿ ಇದ್ದ ಹಾಗೆ. ಸ್ವಲ್ಪ ದನಿ ಎತ್ತಿದರೆ ಎಬ್ಬಿಸಿ ಕಳಿಸುತ್ತಿದ್ದರು. ಹಾಗೆ ಎದ್ದವರು ಪಶ್ಚಿಮಕ್ಕೆ, ಪಾರಾ ರಾಜ್ಯದ ಕಾಡಿನ ಕಡೆಗೆ ಹೊರಟರು. ಎಪ್ಪತ್ತರ ದಶಕದಲ್ಲಿ ಡೊರೊತಿಯೂ ಅವರ ಹಿಂದೆಯೇ ಹೋದರು. ತನ್ನ ಜನ ಎಲ್ಲಿಗೆ ಹೋದರೋ ಅಲ್ಲಿಗೆ.

ಈ ಜನ ಕಾಡಿಗೆ ಸುಮ್ನೆ ನುಗ್ಗಿದವರಲ್ಲ. ಸರ್ಕಾರವೇ ಕರೆದಿತ್ತು. 1970ರಲ್ಲಿ ಈಶಾನ್ಯದಲ್ಲಿ ಭೀಕರ ಬರ ಬಂತು. ಆಗಿನ ಸೇನಾ ಅಧ್ಯಕ್ಷ ಮೆಡಿಸಿ ಅಮೆಜಾನ್ ಸೀಳಿಕೊಂಡು ಹೋಗುವ ಹೆದ್ದಾರಿ ಘೋಷಿಸಿದರು. ಟ್ರಾನ್ಸಮಜೋನಿಕಾ. ಜನರಿಲ್ಲದ ನೆಲಕ್ಕೆ ನೆಲವಿಲ್ಲದ ಜನ ಅನ್ನುವುದು ಆಗಿನ ಘೋಷಣೆ. ಅಲ್ಲಿ ಸಾವಿರಾರು ವರ್ಷದಿಂದ ಆದಿವಾಸಿಗಳಿದ್ದರು. ಅವರು ಆ ಲೆಕ್ಕದಲ್ಲೇ ಇರಲಿಲ್ಲ. ಹೆದ್ದಾರಿಯ ಎರಡೂ ಬದಿಗೆ ಅಡ್ಡರಸ್ತೆ ಕಡಿದು, ಕುಟುಂಬಕ್ಕೆ 100 ಹೆಕ್ಟೇರ್ ಕೊಡುತ್ತೇವೆ, ಸಾಲ ಕೊಡುತ್ತೇವೆ, ಶಾಲೆ, ಆಸ್ಪತ್ರೆ ಕಟ್ಟುತ್ತೇವೆ ಅಂದರು. ಜನ ಬಂದರು. ಶಾಲೆ, ಆಸ್ಪತ್ರೆ ಬರಲಿಲ್ಲ. ಮಳೆಗಾಲದಲ್ಲಿ ಆ ಹೆದ್ದಾರಿಯೇ ಕೆಸರಿನ ಹೊಳೆ. ಬೆಳೆದ ಅಕ್ಕಿ ಪೇಟೆ ಮುಟ್ಟುತ್ತಿರಲಿಲ್ಲ. ಮಲೇರಿಯಾ ಬಂದರೆ ಜೋಳಿಗೆಯಲ್ಲಿ ಹೊತ್ತು ತರಬೇಕು.

ಸ್ವಲ್ಪ ವರ್ಷದಲ್ಲೇ ಸರ್ಕಾರದ ಮನಸ್ಸು ಬದಲಾಯಿತು. ಸಣ್ಣ ರೈತರಿಂದ ಆಗದು, ದೊಡ್ಡ ಬಂಡವಾಳ ಬರಲಿ ಅಂತ 3,000 ಹೆಕ್ಟೇರಿನ ದೊಡ್ಡ ದೊಡ್ಡ ತುಂಡು ಮಾಡಿ ಹಣವಂತರಿಗೆ ಕೊಟ್ಟರು. ಒಂದು ಷರತ್ತು ಇತ್ತು. ಐದು ವರ್ಷದಲ್ಲಿ ನೆಲವನ್ನು ಅಭಿವೃದ್ಧಿ ಮಾಡಬೇಕು. ಮಾಡದಿದ್ದರೆ ನೆಲ ಸರ್ಕಾರಕ್ಕೆ ವಾಪಸ್. ಹೆಚ್ಚಿನವರು ಏನೂ ಮಾಡಲಿಲ್ಲ. ಸರ್ಕಾರ ವಾಪಸ್ ತೆಗೆದುಕೊಳ್ಳಲೂ ಇಲ್ಲ. ಆ ಷರತ್ತಿನ ಪತ್ರವನ್ನೇ ಪೂರ್ತಿ ಹಕ್ಕಿನ ಪತ್ರ ಅನ್ನುವ ಹಾಗೆ ಒಬ್ಬ ಇನ್ನೊಬ್ಬನಿಗೆ ಮಾರಿದ, ಅವನು ಮತ್ತೊಬ್ಬನಿಗೆ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಒಂದೇ ನೆಲಕ್ಕೆ ಎರಡು ಮೂರು ಜನ ವಾರಸುದಾರರು. ಒಬ್ಬನ ಕೈಯಲ್ಲಿ ಕಾಗದ ಮತ್ತು ಬಂದೂಕು. ಇನ್ನೊಬ್ಬನ ಕೈಯಲ್ಲಿ ಕತ್ತಿ ಮತ್ತು ಗೆಣಸಿನ ಗಿಡ.

ಡೊರೊತಿ ಸತ್ತಿದ್ದು ಇಂಥದ್ದೇ ಒಂದು 3,000 ಹೆಕ್ಟೇರಿನ ತುಂಡಿನ ವಿಷಯಕ್ಕೆ. ಲಾಟ್ ನಂಬರ್ 55.

1982ರಲ್ಲಿ ಅವರು ಷಿಂಗು ಪ್ರಾಂತದ ಬಿಷಪ್ ಎರ್ವಿನ್ ಕ್ರಾಯ್ಟ್ಲರ್ ಬಳಿ ಹೋದರು. ಎಲ್ಲರಿಗಿಂತ ಬಡವರಿರುವ ಕಡೆ ನನ್ನನ್ನು ಕಳಿಸಿ ಅಂತ ಕೇಳಿದರು. ಅವರು ಕಳಿಸಿದ್ದು ಹೆದ್ದಾರಿಯ ಪೂರ್ವಭಾಗಕ್ಕೆ, ಅನಾಪು ಕಡೆಗೆ. ಅಲ್ಲಿ ಬದುಕುವುದು ಕಷ್ಟ ಅಂತ ಎಚ್ಚರಿಸಿಯೇ ಕಳಿಸಿದರು. ಆಮೇಲೆ ಕೊನೆಯವರೆಗೂ ಡೊರೊತಿಯ ಊರು ಅದೇ. ಬ್ರೆಜಿಲಿನ ಪೌರತ್ವವನ್ನೂ ಪಡೆದರು. ಜನ ಅವರನ್ನು ಇರ್ಮಾ ದೊರೊಚಿ ಅನ್ನುತ್ತಿದ್ದರು. ಇರ್ಮಾ ಅಂದರೆ ಸಿಸ್ಟರ್ ಅಂತಲೂ ಹೌದು, ಒಡಹುಟ್ಟಿದವಳು ಅಂತಲೂ ಹೌದು. ನಮ್ಮ ಬಾಯಲ್ಲಿ ಆಗಿದ್ದರೆ ದೊರೊತಿಯಕ್ಕ ಆಗಿರುತ್ತಿದ್ದರು.

ಅನಾಪುವಿನಲ್ಲಿ ಅವರ ದಿನಚರಿ ಏನಿತ್ತು? ಕಾಡಿನೊಳಗಿನ ಅಡ್ಡರಸ್ತೆಗಳಲ್ಲಿ ಒಂದೊಂದೇ ವಸತಿಗೆ ಹೋಗುವುದು. ಸಿಕ್ಕರೆ ಯಾವುದಾದರೂ ಗಾಡಿ, ಇಲ್ಲದಿದ್ದರೆ ನಡಿಗೆ. ಟೀ ಶರ್ಟು, ಟೊಪ್ಪಿ, ಕೈಯಲ್ಲಿ ಒಂದು ಬಟ್ಟೆಚೀಲ. ಚೀಲದಲ್ಲಿ ಬೈಬಲ್ಲು, ನಕ್ಷೆಗಳು, ಕಾಗದಪತ್ರ. ಹೋದ ಕಡೆ ಹತ್ತಿಪ್ಪತ್ತು ಮನೆಯವರನ್ನು ಸೇರಿಸಿ ಪ್ರಾರ್ಥನೆ. ಪ್ರಾರ್ಥನೆ ಮುಗಿದ ಮೇಲೆ ಅಲ್ಲೇ ಸಭೆ. ಶಾಲೆ ಎಲ್ಲಿ ಕಟ್ಟೋಣ, ಯಾರು ಕಲಿಸುತ್ತಾರೆ, ಕಲಿಸುವವರಿಗೆ ಯಾರು ಕಲಿಸಬೇಕು. ಅಲ್ಲಿನ ಯುವಕ ಯುವತಿಯರನ್ನೇ ಟೀಚರ್ ಮಾಡಿದರು. ಹೆಂಗಸರ ಸಂಘ ಕಟ್ಟಿದರು. ಹಣ್ಣು ಸಂಸ್ಕರಿಸಿ ಮಾರುವ ಒಂದು ಸಣ್ಣ ಘಟಕ ಶುರುವಾಯಿತು. ಆ ರಸ್ತೆ ಬದಿಯ ರೈತರು ಕೋಕೊ ಬೆಳೆಯುತ್ತಾರೆ. ನಮ್ಮ ಕಡೆ ಅಡಿಕೆ ತೋಟದ ನೆರಳಿನಲ್ಲಿ ನೆಟ್ಟಿರುತ್ತೇವಲ್ಲ, ಅದೇ ಕೋಕೊ. ಅದರ ತವರು ಅಮೆಜಾನ್.

ಮೊದಮೊದಲು ಡೊರೊತಿಗೂ ಕಾಡು ಅಂದರೆ ರೈತರು ಕಡಿದು ಬೇಸಾಯ ಮಾಡುವ ಜಾಗ. ಆದರೆ ವರ್ಷಗಳು ಕಳೆದಂತೆ ಒಂದು ವಿಷಯ ಕಂಡಿತು. ಕಾಡು ಕಡಿದು ಸುಟ್ಟ ನೆಲ ಮೂರ್ನಾಲ್ಕು ಬೆಳೆಗೆ ಸೋತು ಹೋಗುತ್ತದೆ. ಅಮೆಜಾನಿನ ಮಣ್ಣಿನಲ್ಲಿ ಸತ್ವ ಕಡಿಮೆ. ಸತ್ವವೆಲ್ಲ ಮರದಲ್ಲಿ, ತರಗೆಲೆಯಲ್ಲಿ ಇರುತ್ತದೆ. ಮರ ಹೋದರೆ ಮಳೆ ಎಲ್ಲವನ್ನೂ ತೊಳೆದುಬಿಡುತ್ತದೆ. ಆಗ ರೈತ ಇನ್ನೂ ಒಳಕ್ಕೆ ಹೋಗುತ್ತಾನೆ. ಅವನು ಬಿಟ್ಟ ಜಾಗದಲ್ಲಿ ಧಣಿಯ ದನ ಮೇಯುತ್ತದೆ. ಅಂದರೆ ಬಡವ ತನಗೇ ಗೊತ್ತಿಲ್ಲದೆ ಧಣಿಗೆ ಹುಲ್ಲುಗಾವಲು ಮಾಡಿಕೊಡುತ್ತಿದ್ದಾನೆ. ಹಾಗಾದರೆ ರೈತ ಉಳಿಯಬೇಕಾದರೆ ಕಾಡೂ ಉಳಿಯಬೇಕು. ಅವರ ಒಂದು ಟೀ ಶರ್ಟಿನ ಮೇಲೆ ಇದನ್ನೇ ಬರೆದಿತ್ತು, ಕಾಡಿನ ಸಾವು ಅಂದರೆ ನಮ್ಮ ಬದುಕಿನ ಕೊನೆ ಅಂತ.

ಈ ತಿಳಿವಳಿಕೆಯಿಂದ ಹುಟ್ಟಿದ್ದು ಪಿಡಿಎಸ್. ನಮಗೆ ಪಿಡಿಎಸ್ ಅಂದರೆ ರೇಷನ್ ಅಂಗಡಿ. ಅಲ್ಲಿ ಅದು ಸುಸ್ಥಿರ ಅಭಿವೃದ್ಧಿ ಯೋಜನೆ. ಸರ್ಕಾರದ ಭೂಸುಧಾರಣಾ ಇಲಾಖೆ ಇನ್ಕ್ರಾದ ಒಂದು ವ್ಯವಸ್ಥೆ. ಲೆಕ್ಕ ಸರಳ. ರೈತರಿಗೆ ಕೊಟ್ಟ ನೆಲದಲ್ಲಿ 20 ಭಾಗ ಬೇಸಾಯ, 80 ಭಾಗ ಕಾಡು. ಕಾಡು ಎಲ್ಲರದ್ದು, ಯಾರೊಬ್ಬರೂ ಮಾರುವ ಹಾಗಿಲ್ಲ. ಅನಾಪುವಿನಲ್ಲಿ ಇಂಥ ಎರಡು ವಸತಿಗಳಿಗೆ ಡೊರೊತಿ ಹಟ ಹಿಡಿದರು. ಒಂದರ ಹೆಸರು ವಿರೋಲಾ ಜಾಟೊಬಾ, ಎರಡೂ ಮರದ ಹೆಸರು. ಇನ್ನೊಂದು ಎಸ್ಪೆರಾನ್ಸಾ. ಅಂದರೆ ಭರವಸೆ.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಏನೆಂದರೆ, ಆಕೆ ಹೊಸ ಕಾನೂನೇನೂ ಕೇಳಲಿಲ್ಲ. ಐದು ವರ್ಷದಲ್ಲಿ ಅಭಿವೃದ್ಧಿ ಮಾಡದ ನೆಲ ಸರ್ಕಾರದ್ದು ಅನ್ನುವುದು ಸರ್ಕಾರವೇ ಬರೆದ ಷರತ್ತು. ಪಿಡಿಎಸ್ ಸರ್ಕಾರವೇ ಮಾಡಿದ ಯೋಜನೆ. ಕಾಡು ಕಡಿಯಬಾರದು ಅನ್ನುವುದೂ ಸರ್ಕಾರದ್ದೇ ಕಾಯಿದೆ. ನೀವೇ ಬರೆದಿದ್ದೀರಿ, ಹಾಗೇ ಮಾಡಿ, ಇಷ್ಟೇ ಆಕೆ ಹೇಳಿದ್ದು. ಆಲ್ತಮೀರಾ, ಬೆಲೆಂ, ಬ್ರೆಸಿಲಿಯಾ ಅಂತ ಕಚೇರಿಯಿಂದ ಕಚೇರಿಗೆ ಅಲೆದರು. ಯಾರು ಎಲ್ಲಿ ಮರ ಕಡಿಯುತ್ತಿದ್ದಾರೆ, ಯಾರ ಗುಡಿಸಲಿಗೆ ಬೆಂಕಿ ಇಟ್ಟರು, ಯಾರಿಗೆ ಬೆದರಿಕೆ ಬಂತು, ಎಲ್ಲ ಬರೆದು ಕೊಟ್ಟರು. 2004ರಲ್ಲಿ ಬ್ರೆಜಿಲ್ ಸಂಸತ್ತಿನ ಭೂವಿವಾದ ತನಿಖಾ ಸಮಿತಿಯ ಮುಂದೆಯೂ ಹೇಳಿಕೆ ಕೊಟ್ಟರು. ಇಷ್ಟಾದ ಮೇಲೆ ಮರದ ವ್ಯಾಪಾರಿಗಳಿಗೆ, ದನದ ಧಣಿಗಳಿಗೆ ಆಕೆ ಬರೀ ಕಿರಿಕಿರಿಯಾಗಿ ಉಳಿಯಲಿಲ್ಲ. ದಂಡ, ಜಪ್ತಿ ಶುರುವಾದವು. ಸಿಸ್ಟರ್ ತಲೆಗೆ ಬೆಲೆ ಕಟ್ಟಿದ್ದಾರೆ ಅನ್ನುವ ಮಾತು ಊರಲ್ಲಿ ಎಲ್ಲರ ಬಾಯಲ್ಲೂ ಇತ್ತು. ಹಾಗೆ ಕಟ್ಟಿದ ಬೆಲೆ 50,000 ರಿಯಾಲ್ ಅಂತ ಮುಂದೆ ವಿಚಾರಣೆಯಲ್ಲಿ ಹೊರಬಂತು.

ಡೊರೊತಿಗೆ ಇದೆಲ್ಲ ಗೊತ್ತಿತ್ತು. ಊರು ಬಿಟ್ಟು ಹೋಗಿ ಅಂದವರಿಗೆ ಅವರು ಕೊಟ್ಟ ಉತ್ತರ ದಾಖಲಾಗಿದೆ. ನಾನು ಓಡಿಹೋಗುವುದಿಲ್ಲ, ಕಾಡಿನ ನಡುವೆ ಯಾವ ರಕ್ಷಣೆಯೂ ಇಲ್ಲದ ಈ ರೈತರ ಹೋರಾಟ ಬಿಡುವುದಿಲ್ಲ, ಭೂಮಿಯನ್ನು ಹಾಳು ಮಾಡದೆ ಮರ್ಯಾದೆಯಿಂದ ದುಡಿದು ಬದುಕುವುದು ಅವರ ಪವಿತ್ರ ಹಕ್ಕು ಅಂದಿದ್ದರು. ರೈತರಿಗೆ ರಕ್ಷಣೆ ಕೊಡಿ ಅಂತ ಅಧಿಕಾರಿಗಳನ್ನು ಮತ್ತೆ ಮತ್ತೆ ಕೇಳಿದರು. ಸಿಗಲಿಲ್ಲ.

2005ರ ಫೆಬ್ರವರಿ. ಅಲ್ಲಿ ಅದು ಮಳೆಗಾಲ. ಲಾಟ್ 55 ತನ್ನದು ಅನ್ನುತ್ತಿದ್ದ ಧಣಿಯ ಆಳುಗಳು ರೈತರ ಬೆಳೆಯ ಮೇಲೆ ಹುಲ್ಲಿನ ಬೀಜ ಎರಚುತ್ತಿದ್ದರು. ಇದೊಂದು ತಂತ್ರ. ದನ ಮೇಯುವ ಆ ಹುಲ್ಲು ಮಳೆಗೆ ದಟ್ಟವಾಗಿ ಎದ್ದು ಬೆಳೆಯನ್ನು ಮುಚ್ಚುತ್ತದೆ. ಆಮೇಲೆ, ನೋಡಿ ಇದು ನನ್ನ ಹುಲ್ಲುಗಾವಲು ಅನ್ನಬಹುದು. ಡೊರೊತಿ ಎಸ್ಪೆರಾನ್ಸಾಕ್ಕೆ ಸಭೆಗೆಂದು ಹೋಗಿದ್ದರು. ಹಿಂದಿನ ದಿನವೇ ಆ ಆಳುಗಳ ಜೊತೆ ಮಾತಾಡಿದ್ದರು. ಈ ನೆಲ ರೈತರಿಗೆ ಸೇರಬೇಕಾದದ್ದು, ಇಲ್ಲಿ ಹುಲ್ಲು ಬಿತ್ತಬೇಡಿ ಅಂತ.

12ರ ಶನಿವಾರ ಬೆಳಿಗ್ಗೆ ಸಭೆಯ ಕಡೆ ನಡೆದು ಹೋಗುತ್ತಿದ್ದರು. ರಾಯ್ಫ್ರಾನ್ ಮತ್ತು ಕ್ಲೊಡೊವಾಲ್ಡೊ ಅನ್ನುವ ಇಬ್ಬರು ಅಡ್ಡ ಬಂದರು. ಆಯುಧ ಏನಾದರೂ ಇದೆಯಾ ಅಂತ ಕೇಳಿದರು. ಆಕೆ ಚೀಲದಿಂದ ಬೈಬಲ್ ತೆಗೆದು ತೋರಿಸಿದರು, ನನ್ನ ಹತ್ತಿರ ಇರುವ ಆಯುಧ ಇದೊಂದೇ ಅಂತ. ಅದನ್ನು ತೆರೆದು, ಯೇಸು ಬೆಟ್ಟದ ಮೇಲೆ ಹೇಳಿದ ಆ 'ಧನ್ಯರು' ಅನ್ನುವ ಸಾಲುಗಳನ್ನು ಓದಿದರು. ಓದಿ ಮುಗಿಸಿ ಹೊರಟಾಗ ಗುಂಡು ಹೊಡೆದರು. ಹಿಂದೆ ಬರುತ್ತಿದ್ದ ಒಬ್ಬ ರೈತ ಮರೆಯಲ್ಲಿ ನಿಂತು ಇದನ್ನೆಲ್ಲ ಕಂಡ. ದೇಹ ಗಂಟೆಗಟ್ಟಲೆ ಮಳೆಯಲ್ಲಿ ಹಾಗೇ ಬಿದ್ದಿತ್ತು. ಹತ್ತಿರ ಹೋಗಲು ಜನ ಹೆದರಿದ್ದರು.

ಆ 'ಧನ್ಯರು' ಸಾಲುಗಳನ್ನು ನಾನು ಕನ್ನಡ ಬೈಬಲಿನಲ್ಲಿ ತೆಗೆದು ನೋಡಿದೆ. ಅದರಲ್ಲಿ ಒಂದು ಸಾಲು ಹೀಗಿದೆ: ಶಾಂತರು ಧನ್ಯರು, ಅವರು ಭೂಮಿಗೆ ಬಾಧ್ಯರಾಗುವರು. ಬಾಧ್ಯರು! ಅಜ್ಜನ ಟ್ರಂಕಿನ ಕಾಗದಗಳಲ್ಲಿ ನಾನು ಹುಡುಗನಾಗಿ ಓದಿದ್ದ ಪದ. ಹಕ್ಕು ಬಾಧ್ಯತೆ, ಬಾಧ್ಯಸ್ಥರು ಅಂತ ಪತ್ರ ಬರೆಯುವವರು ಬರೆಯುತ್ತಾರಲ್ಲ, ಅದೇ. ಸಾವಿರ ಸಲ ಪ್ರವಚನದಲ್ಲಿ ಕೇಳಿದವರಿಗೆ ಆ ಸಾಲು ಸ್ವರ್ಗದ ಮಾತಿನ ಹಾಗೆ ಕೇಳಬಹುದು. ನಕ್ಷೆ ಇಟ್ಟ ಚೀಲದಲ್ಲೇ ಬೈಬಲನ್ನೂ ಇಟ್ಟು ನಡೆದವರಿಗೆ ಅದು ಸರ್ವೆ ನಂಬರ್ ಇರುವ ಭೂಮಿಯ ಮಾತು. ನಾನು ಕ್ರೈಸ್ತನಲ್ಲ. ಆದರೂ ಆ ಸಾಲಿನ ಮುಂದೆ ತುಂಬ ಹೊತ್ತು ಕೂತಿದ್ದೆ.

ಕೊಲೆಯ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಅಧ್ಯಕ್ಷ ಲೂಲಾ ಸರ್ಕಾರ 2,000 ಸೈನಿಕರನ್ನು ಪಾರಾಕ್ಕೆ ಕಳಿಸಿತು. ವಾರದೊಳಗೆ ಲಕ್ಷಾಂತರ ಹೆಕ್ಟೇರ್ ಕಾಡನ್ನು ಸಂರಕ್ಷಿತ ಅಂತ ಘೋಷಿಸಿತು. ಆಗ ಪರಿಸರ ಮಂತ್ರಿ ಮರೀನಾ ಸಿಲ್ವಾ. ರಬ್ಬರ್ ಹಾಲು ಇಳಿಸುವವರ ಮನೆಯ ಮಗಳು, ಕಾಡು ಉಳಿಸಲು ಹೋರಾಡಿ 1988ರಲ್ಲಿ ಇದೇ ರೀತಿ ಕೊಲೆಯಾದ ಚಿಕೊ ಮೆಂಡಿಸ್ ಅವರ ಒಡನಾಡಿ. ಮುಂದಿನ ವರ್ಷಗಳಲ್ಲಿ ಅಮೆಜಾನಿನ ಕಾಡು ಕಡಿತ ನಿಜವಾಗಿಯೂ ಇಳಿಯಿತು. 2004ರಲ್ಲಿ ಒಂದೇ ವರ್ಷ 27,000 ಚದರ ಕಿಲೋಮೀಟರಿಗಿಂತ ಜಾಸ್ತಿ ಕಾಡು ಹೋಗಿತ್ತು. 2012ಕ್ಕೆ ಅದು 4,600ಕ್ಕಿಂತ ಕೆಳಗೆ ಬಂತು. ಉಪಗ್ರಹದ ಕಣ್ಗಾವಲು, ಸಾಲಕ್ಕೆ ಕಡಿವಾಣ, ಹೀಗೆ ಅದಕ್ಕೆ ಕಾರಣ ಬೇಕಾದಷ್ಟಿವೆ. ಒಬ್ಬ ಸಿಸ್ಟರ್ ಸತ್ತಿದ್ದಕ್ಕೆ ಆಯಿತು ಅನ್ನಲಾರೆ. ಆದರೆ ಎಲ್ಲರೂ ಆ ಕಡೆ ತಿರುಗಿ ನೋಡುವ ಹಾಗಾಗಿದ್ದು ಆ ಸಾವಿನಿಂದ.

ಇದನ್ನು ಬರೆಯುವಾಗ ಸಂಕಟವೂ ಆಗುತ್ತದೆ. ಅದೇ ಪಾರಾ ರಾಜ್ಯದ ಎಲ್ಡೊರಾಡೊ ದೊ ಕರಜಾಸ್ ಅನ್ನುವಲ್ಲಿ 1996ರ ಏಪ್ರಿಲ್ 17ರಂದು 19 ಭೂಹೀನ ಕೂಲಿಗಳನ್ನು ಪೊಲೀಸರೇ ಕೊಂದರು. ಅದಕ್ಕೆ ಮುಂಚೆ, ಆಮೇಲೆ, ಒಬ್ಬೊಬ್ಬರಾಗಿ ಸತ್ತ ರೈತರ ಹೆಸರು ಅವರ ಊರು ದಾಟಿ ಬರಲೇ ಇಲ್ಲ. ಅಮೆರಿಕದಲ್ಲಿ ಹುಟ್ಟಿದ ಬಿಳಿ ಕೂದಲ ಸನ್ಯಾಸಿನಿ ಸತ್ತಾಗ ಸೈನ್ಯ ಬಂತು. ಡೊರೊತಿ ಇದ್ದಿದ್ದರೆ ಇದನ್ನೇ ಮೊದಲು ಹೇಳುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಸೈನಿಕರನ್ನು ಕೇಳಿದ್ದು ಅವರು ರೈತರಿಗಾಗಿ, ಬದುಕಿದ್ದಾಗ.

ನ್ಯಾಯಾಲಯದ ಕಥೆ ಇನ್ನೊಂದು ದೊಡ್ಡ ಟ್ರಂಕು. ಗುಂಡು ಹೊಡೆದ ಇಬ್ಬರಿಗೆ, ನಡುವಿನ ದಲ್ಲಾಳಿಗೆ ಬೇಗ ಶಿಕ್ಷೆಯಾಯಿತು. ಹಣ ಕೊಟ್ಟವರ ವಿಷಯ ಹಾಗಲ್ಲ. ವಿಟಾಲ್ಮಿರೊ ಬಾಸ್ತೊಸ್ ದ ಮೌರಾ ಅನ್ನುವ ಧಣಿಗೆ 2007ರಲ್ಲಿ 30 ವರ್ಷ ಶಿಕ್ಷೆ. ಇಪ್ಪತ್ತು ವರ್ಷ ದಾಟಿದ ಶಿಕ್ಷೆಗೆ ತಾನಾಗಿಯೇ ಮರುವಿಚಾರಣೆ ಅನ್ನುವ ನಿಯಮ ಆಗ ಅಲ್ಲಿತ್ತು. 2008ರಲ್ಲಿ ಗುಂಡು ಹೊಡೆದವನು ಮಾತು ಬದಲಾಯಿಸಿದ, ಧಣಿ ಬಿಡುಗಡೆಯಾದ. ಆ ತೀರ್ಪು ರದ್ದಾಗಿ 2010ರಲ್ಲಿ ಮತ್ತೆ 30 ವರ್ಷ. 2013ರಲ್ಲಿ ಅದೂ ರದ್ದು. ಅದೇ ವರ್ಷ ನಾಲ್ಕನೇ ಸಲ ವಿಚಾರಣೆ, ಮತ್ತೆ 30 ವರ್ಷ. ರೆಜಿವಾಲ್ಡೊ ಪೆರೇರಾ ಗಾಲ್ವಾವ್ ಅನ್ನುವ ಇನ್ನೊಬ್ಬ ಧಣಿಗೆ 2010ರಲ್ಲೇ 30 ವರ್ಷವಾಗಿತ್ತು. ಮೇಲ್ಮನವಿಗಳ ನಡುವೆ ಒಳಗೆ ಹೊರಗೆ ಓಡಾಡಿ, 2019ರಲ್ಲಿ ಮತ್ತೆ ಜೈಲು ಸೇರಿದ. ಅಂದರೆ ಕೊಲೆಯಾಗಿ 14 ವರ್ಷ. ಡೊರೊತಿಯ ತಮ್ಮ ಡೇವಿಡ್, ಮಠದ ಸಿಸ್ಟರುಗಳು, ಅನಾಪುವಿನ ರೈತರು ಆ ವಿಚಾರಣೆಗಳಿಗೆ ಬೆಲೆಂ ನಗರಕ್ಕೆ ಮತ್ತೆ ಮತ್ತೆ ಬಂದು ಕೂತರು. ರೈತರು ಆ ಹಾಳು ರಸ್ತೆಯಲ್ಲಿ ದಿನಗಟ್ಟಲೆ ಬಸ್ಸಲ್ಲಿ ಬಂದು, ನ್ಯಾಯಾಲಯದ ಎದುರು ಬಿಡಾರ ಹಾಕಿ ಕಾದರು. ಕಾಯುವುದು ಹೇಗೆ ಅಂತ ಅವರಿಗೆ ಕಲಿಸಿದವರು ಯಾರು ಅಂತ ಹೇಳಬೇಕಾಗಿಲ್ಲ.

ನಮ್ಮ ದೇಶದ ಸಿಸ್ಟರ್ ರಾಣಿ ಮರಿಯಾ ಕೂಡ ಇದೇ ದಾರಿಯವರು. ಕೇರಳದ ಪುಲ್ಲುವಳಿಯಲ್ಲಿ ಹುಟ್ಟಿ, ಮಧ್ಯಪ್ರದೇಶದ ಉದಯನಗರದಲ್ಲಿ ಸಾಲದ ಸುಳಿಯಲ್ಲಿದ್ದ ಆದಿವಾಸಿಗಳ ಜೊತೆ ದುಡಿಯುತ್ತಿದ್ದರು. 1995ರ ಫೆಬ್ರವರಿ 25ರಂದು ಹಾಡಹಗಲು ಬಸ್ಸಿನಲ್ಲಿ ಅವರನ್ನು ಇರಿದು ಕೊಂದರು. ಅವರಿಗಾಗ 41 ವರ್ಷ. ಕೊಂದವನ ಕೈಗೆ ಅವರ ತಂಗಿ ಜೈಲಿಗೇ ಹೋಗಿ ರಾಖಿ ಕಟ್ಟಿದರು. ಅದು ಇನ್ನೊಂದು ದಿನ ನಿಧಾನವಾಗಿ ಬರೆಯಬೇಕಾದ ಕಥೆ.

ಡೊರೊತಿಯನ್ನು ಅನಾಪುವಿನಲ್ಲೇ, ಅವರು ಸಭೆ ನಡೆಸುತ್ತಿದ್ದ ಸಂತ ರಫಾಯೆಲ್ ಕೇಂದ್ರದ ಆವರಣದಲ್ಲಿ, ಮರಗಳ ನಡುವೆ ಮಣ್ಣು ಮಾಡಿದರು. ಹೂಳುತ್ತಿಲ್ಲ, ನೆಡುತ್ತಿದ್ದೇವೆ ಅಂತ ಹೇಳಿ ಮಣ್ಣು ಹಾಕಿದರು. 2008ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಪ್ರಶಸ್ತಿ ಬಂತು. 2025ರ ಜನವರಿಯಲ್ಲಿ ರೋಮ್ ನಗರದ ಸಂತ ಬಾರ್ತೊಲೊಮೆಯೊ ಬಸಿಲಿಕಾದಲ್ಲಿ, ಈ ಕಾಲದ ಹುತಾತ್ಮರ ನೆನಪಿನ ವಸ್ತುಗಳ ಜೊತೆ ಅವರದ್ದೂ ಒಂದನ್ನು ಇಟ್ಟರು. ಅದು ಒಂದಿಷ್ಟು ಮಣ್ಣು. ಅವರ ರಕ್ತ ಇಂಗಿದ್ದ, ಆ ಕೆಸರು ದಾರಿಯ ಮಣ್ಣು.

ಅನಾಪುವಿನಲ್ಲಿ ಕೊಲೆಗಳು ನಿಲ್ಲಲಿಲ್ಲ. ನೆಲ ಕೇಳಿದ ರೈತರು ಆಮೇಲೂ ಸತ್ತರು. ಡೊರೊತಿಯ ಸಮಾಧಿಯ ಹತ್ತಿರ ಕೆಂಪು ಬಣ್ಣ ಬಳಿದ ಮರದ ಶಿಲುಬೆಯೊಂದಿದೆ. ಅದರ ಮೇಲೆ ಆ ರೈತರ ಹೆಸರುಗಳನ್ನು ಬರೆದಿದ್ದಾರೆ. ಪ್ರತಿ ವರ್ಷ ಮಳೆ ನಿಂತ ಮೇಲೆ, ಜುಲೈ ತಿಂಗಳಲ್ಲಿ, ಸುತ್ತಲಿನ ರೈತರು ಎಸ್ಪೆರಾನ್ಸಾದ ಕಡೆ ಆ ಕಾಡುದಾರಿಯಲ್ಲಿ ಒಟ್ಟಿಗೆ ನಡೆಯುತ್ತಾರೆ.